ಕೆಳಗೆ ಕಿರಿದಾಗುವ ಕೊಳವೆ

"ಇದು ಆಗೂದಿಲ್ಲ" ಎಂದು ಮೊದಲು ಹೇಳಿದವರು ನಮ್ಮ ವಿಭಾಗದ ಮುಖ್ಯಸ್ಥರು. ಉಕ್ಕಿನ ಕಾರ್ಖಾನೆಯ ಹೊಗೆಯನ್ನೂ ಕಾಣದ ಬಾಗಲಕೋಟೆಯಲ್ಲಿ ಕೂತು ಉಕ್ಕು ಎರೆಯುವ ತಾಮ್ರದ ಕೊಳವೆಯ ವಿನ್ಯಾಸ ಮಾಡುತ್ತೇನೆ ಅನ್ನುವುದು ಹುಚ್ಚುತನ ಎಂದರು. ಎರಡನೆಯವನು ಇಳಕಲ್ಲಿನಲ್ಲಿ ನನ್ನಪ್ಪ ಕಲ್ಲು ಒಡೆಯುತ್ತಿದ್ದ ಗಣಿಯ ಮುಕಾದಮ. "ಸುತಗಿ ಹಿಡಿಯೋರ ಮನ್ಯಾಗ ಎಂಜಿನೀರ ಹುಟ್ಟೂದಿಲ್ಲೋ ತಮ್ಮಾ, ಸುಮ್ನ ಬಂದು ಲಾರಿ ಲೆಕ್ಕಾ ಬರಿ" ಎಂದ. ಇವರಿಬ್ಬರೂ ಒಂದೊಂದು ಸಲ ಹೇಳಿ ಸುಮ್ಮನಾದರು. ವಾರ ವಾರ ಬಿಡದೆ ಹೇಳಿದವರು ಮೂರನೆಯವರು. ಆ ಕೊಳವೆಯನ್ನು ನನ್ನ ಕೊರಳಿಗೆ ಕಟ್ಟಿದವರೂ ಅವರೇ. ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿ ನನ್ನ ಪ್ರಾಜೆಕ್ಟಿನ ಗೈಡ್ ಆಗಿದ್ದ ನಮ್ಮ ಸರ್.

ಹೋದ ತಿಂಗಳು ಅವರು ಬಾದಾಮಿಯಲ್ಲಿ ತೀರಿಕೊಂಡರು. ಹಳೆಯ ಗೆಳೆಯರು ಒಬ್ಬೊಬ್ಬರಾಗಿ ಫೋನ್ ಮಾಡಿ "ಎಂಥಾ ದೊಡ್ಡ ಮನಷ್ಯಾ" ಎಂದರು. ನಾನೂ ಹೂಂ ಎಂದೆ. ಹಾಗೆ ಹೇಳಿದವರಲ್ಲಿ ಯಾರೊಬ್ಬರೂ ಅವರ ಕೈಕೆಳಗೆ ಪ್ರಾಜೆಕ್ಟ್ ಮಾಡಿದವರಲ್ಲ. ಮಾಡಿದವನು ನಾನು. ಅವರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಸತ್ತವರನ್ನು ಬರಿ ಹೊಗಳಿ ಕಳಿಸುವ ಪದ್ಧತಿ ಅವರಿಗೇ ಹಿಡಿಸುತ್ತಿರಲಿಲ್ಲವಾದ್ದರಿಂದ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಕ್ಲಾಸಿನವರೆಲ್ಲ ಗೋಬರ್ ಗ್ಯಾಸ್, ಗಾಳಿಯಂತ್ರ, ಶೇಂಗಾ ಸುಲಿಯುವ ಯಂತ್ರ ಎಂದು ಹಂಚಿಕೊಂಡರು. ಹಿಂದಿನ ವರ್ಷದವರ ವರದಿ ತಂದು, ಅಲ್ಲಲ್ಲಿ ಅಂಕಿ ತಿದ್ದಿ, ಹೊಸ ರಟ್ಟು ಹಾಕಿಸಿದರೆ ಪ್ರಾಜೆಕ್ಟ್ ಮುಗಿಯಿತು. ರೋಲ್ ನಂಬರಿನ ಪ್ರಕಾರ ಗೈಡ್‌ಗಳನ್ನು ಹಂಚಿದಾಗ ನಾನು ಈ ಸರ್ ಪಾಲಿಗೆ ಬಂದೆ. ಗೆಳೆಯರು ನನ್ನ ಬೆನ್ನು ತಟ್ಟಿ, "ಸತ್ತಿ ಮಗನ" ಎಂದು ಸಂತಾಪ ಸೂಚಿಸಿದರು.

ಕೊಳವೆಯ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಉಕ್ಕನ್ನು ಎಡೆಬಿಡದೆ ಎರೆಯುವ ಯಂತ್ರದಲ್ಲಿ ಒಂದು ತಾಮ್ರದ ಕೊಳವೆ ಇರುತ್ತದೆ. ಒಂದು ಮಾರಿಗಿಂತ ಗಿಡ್ಡ, ಒಳಗೆ ಚೌಕ, ಮೇಲೂ ಕೆಳಗೂ ಬಾಯಿ ತೆರೆದದ್ದು, ಸುತ್ತಲೂ ತಣ್ಣೀರು ಹರಿಯುತ್ತಿರುತ್ತದೆ. ಮೇಲಿನಿಂದ ಕರಗಿದ ಉಕ್ಕು ಸುರಿಯುತ್ತಿದ್ದರೆ ಕೆಳಗಿನಿಂದ ಕೆಂಪಗೆ ಕಾದ ಚೌಕ ಸರಳು ಇಳಿದು ಬರುತ್ತಲೇ ಇರುತ್ತದೆ. ಸರಳಿನ ಹೊರಗಿನ ಸಿಪ್ಪೆ ಮಾತ್ರ ಗಟ್ಟಿ. ಒಳಗಿನದು ಇನ್ನೂ ನೀರಿನಂಥ ಉಕ್ಕು. ಆ ಸಿಪ್ಪೆ ಒಡೆದರೆ ಕೆಳಗೆ ನಿಂತವರ ಗತಿ ಮುಗಿಯಿತು. ಕೊಳವೆಯ ಆಕಾರ ಎಷ್ಟು ಸರಿಯಾಗಿದೆಯೋ ಆ ಸಿಪ್ಪೆ ಅಷ್ಟು ಭದ್ರ.

ಸರ್ ನಮ್ಮ ಕಾಲೇಜಿಗೆ ಬರುವ ಮೊದಲು ದೂರದ ಯಾವುದೋ ಉಕ್ಕಿನ ಕಾರ್ಖಾನೆಯಲ್ಲಿ ಇದ್ದರು. ಅಲ್ಲಿಗೆ ಈ ಕೊಳವೆಗಳು ಪರದೇಶದಿಂದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬರುತ್ತಿದ್ದವಂತೆ. ಕೆಲಸ ಯಾಕೆ ಬಿಟ್ಟಿರಿ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ.

"ಕೊಳವಿ ಒಳಗ ಈ ಇಳಿಜಾರು ಯಾಕ ಹಿಂಗ ಇಟ್ಟಾರ ಅಂತ ಕೇಳಿದೆ. ಕೇಳಬ್ಯಾಡ್ರಿ, ಸುಮ್ನ ಯಂತ್ರಕ್ಕ ಕೂಡಸ್ರಿ ಅಂದ್ರು. ನಾ ಬಂದೆ" ಎಂದರು. ಅಷ್ಟೇ. ಹೆಚ್ಚು ಕೇಳಿದರೆ ಕಿಟಕಿಯಾಚೆ ನೋಡುತ್ತಿದ್ದರು.

ಕಿಟಕಿ ಅಂದರೆ ರೈಲಿನ ಕಿಟಕಿ. ಅವರ ಮನೆ ಬಾದಾಮಿ. ಬೆಳಿಗ್ಗೆ ಮೀಟರ್‌ಗೇಜ್ ಪ್ಯಾಸೆಂಜರಿಗೆ ಬಾಗಲಕೋಟೆಗೆ ಬಂದು ಸಂಜೆ ತಿರುಗಿ ಹೋಗುತ್ತಿದ್ದರು. ಕಾಲೇಜಿನಲ್ಲಿ ಅವರಿಗೆ ಖೋಲಿ ಇತ್ತು, ಮೇಜು ಇತ್ತು. ಆದರೆ ನಕಾಶೆ ನೋಡುವುದು ರೈಲಿನಲ್ಲೇ. ನಾನು ವಾರಕ್ಕೊಮ್ಮೆ ಟಿಕೆಟ್ ತೆಗೆಸಿ ಅವರ ಎದುರು ಕೂತು, ಮೊಳಕಾಲ ಮೇಲೆ ಹಾಳೆ ಬಿಚ್ಚಿ ಹಿಡಿಯಬೇಕು. ಗುಳೇದಗುಡ್ಡ ರೋಡ್ ಸ್ಟೇಷನ್ ದಾಟುವಷ್ಟರಲ್ಲಿ ಅವರು ಒಂದು ಸಲ ಮೇಲಿನಿಂದ ಕೆಳಗೆ ನೋಡಿ, ಹಾಳೆ ಸುತ್ತಿ ನನ್ನ ಕೈಗೆ ಕೊಟ್ಟು, "ಆಗೂದಿಲ್ಲ" ಎನ್ನುತ್ತಿದ್ದರು. ಯಾಕೆ ಎಂದು ಹೇಳುತ್ತಿರಲಿಲ್ಲ. ಪೆನ್ಸಿಲಿನಿಂದ ಒಂದು ಗುರುತೂ ಮಾಡುತ್ತಿರಲಿಲ್ಲ. ನಾನು ಬಾದಾಮಿಯಲ್ಲಿ ಇಳಿದು, ಕೆರೂರ ಮೇಲೆ ಹಾದು ಬರುವ ಬಸ್ಸು ಹಿಡಿದು, ಹಾಳೆಯ ಸುರುಳಿಯನ್ನು ಬಗಲಲ್ಲಿ ಇಟ್ಟುಕೊಂಡು ನಿಂತೇ ಬಾಗಲಕೋಟೆ ಮುಟ್ಟುತ್ತಿದ್ದೆ.

"ಸರ್, ರೈಲು ಅಲಗಾಡತೈತ್ರಿ, ಗೆರಿ ಸರಿ ಕಾಣೂದಿಲ್ರಿ" ಎಂದೆ ಒಮ್ಮೆ.

"ಅಲಗಾಡಿದ್ರೂ ಸರಿ ಕಾಣುವಂಥ ಗೆರಿ ತಗದಕೊಂಡ ಬಾ" ಎಂದರು. ಪಕ್ಕದಲ್ಲಿ ಖಣದ ಗಂಟು ಇಟ್ಟುಕೊಂಡು ಕೂತಿದ್ದ ಗುಳೇದಗುಡ್ಡದ ವ್ಯಾಪಾರಿ ನನ್ನನ್ನು ನೋಡಿ ನಕ್ಕ. ಅವನ ಮೇಲೂ ಸಿಟ್ಟು ಬಂತು.

ನನ್ನ ಮೊದಲ ನಕಾಶೆಯಲ್ಲಿ ತಪ್ಪಿತ್ತು, ಅದನ್ನು ಒಪ್ಪುತ್ತೇನೆ. ನಮ್ಮ ಕಾಲೇಜಿನ ಫೌಂಡ್ರಿಯಲ್ಲಿ ಮರಳಿನ ಅಚ್ಚು ಮಾಡುವಾಗ ಕಟ್ಟಿಗೆಯ ಮಾದರಿಗೆ ಸ್ವಲ್ಪ ಇಳಿಜಾರು ಕೊಡುವುದನ್ನು ಕಲಿಸಿದ್ದರು, ಸಲೀಸಾಗಿ ಹೊರಗೆ ಬರಲಿ ಎಂದು. ಅದೇ ಬುದ್ಧಿಯಲ್ಲಿ ನಾನು ಕೊಳವೆಯನ್ನು ಕೆಳಗೆ ಅಗಲ ಮಾಡಿದ್ದೆ. ಸರಳು ಸಲೀಸಾಗಿ ಜಾರಲಿ ಎಂದು. ಬಾಗಲಕೋಟೆಯಲ್ಲಿ ಕಲಿತ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ಸರ್ ಬಾಯಿಬಿಟ್ಟು ಹೇಳಲಿಲ್ಲ. ಬಜಾರದಲ್ಲಿ ತಾಮ್ರದ ಕೊಡ ಬಡಿಯುವವರ ಹತ್ತಿರ ಹೋಗಿ, ನನ್ನ ನಕಾಶೆಯಂತೆಯೇ ತೆಳು ತಗಡಿನ ಗಿಡ್ಡ ಕೊಳವೆ ಮಾಡಿಸಿಕೊಂಡು ಬಾ ಎಂದರು. ತಂದೆ. ಕೆಳಬಾಯಿಗೆ ಕಟ್ಟಿಗೆಯ ಬೆಣೆ ಹೊಡೆದು, ಬಕೆಟ್ ನೀರಿನಲ್ಲಿ ಇಳಿಬಿಟ್ಟು, ಕರಗಿಸಿದ ಮೇಣ ಸುರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ, "ಬೆಣಿ ತಗಿ" ಎಂದರು. ತೆಗೆದೆ. ಗಟ್ಟಿಯಾದಂತೆ ಕಂಡ ಮೇಣ ತಳದಲ್ಲಿ ಪಟ್ಟನೆ ಒಡೆದು ಒಳಗಿನ ಬಿಸಿ ಮೇಣ ನನ್ನ ಅಂಗೈ ಮೇಲೆ ಸುರಿಯಿತು. ನಾನು ಕೂಗಿದೆ.

"ಮೇಣ ಇದು. ಉಕ್ಕು ಆಗಿದ್ರ ಕೂಗಾಕ ನೀ ಇರ್ತಿದ್ದಿಲ್ಲ" ಎಂದರು. ಆಮೇಲೆ ಅಂಗೈಗೆ ತಣ್ಣೀರು ಸುರಿದವರೂ ಅವರೇ.

ಅಲ್ಲಿಗೆ ನನಗೆ ತಿಳಿಯಿತು. ಉಕ್ಕು ಆರಿದಂತೆ ಕುಗ್ಗುತ್ತದೆ. ಕುಗ್ಗಿದರೆ ತಾಮ್ರದ ಗೋಡೆಯಿಂದ ದೂರ ಸರಿಯುತ್ತದೆ. ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ಸಾಕು, ಬಿಸಿ ಗೋಡೆಗೆ ದಾಟುವುದಿಲ್ಲ, ಸಿಪ್ಪೆ ದಪ್ಪವಾಗುವುದಿಲ್ಲ. ಹಾಗಾಗಿ ಕೊಳವೆ ಕೆಳಗೆ ಹೋದಂತೆ ಕಿರಿದಾಗುತ್ತ ಉಕ್ಕಿನ ಬೆನ್ನು ಹತ್ತಬೇಕು. ಬಹಳ ಕಿರಿದಾದರೆ ಉಕ್ಕು ತಾಮ್ರವನ್ನು ಉಜ್ಜಿ ತಾನೂ ಸೀಳುತ್ತದೆ, ಅದನ್ನೂ ಕೆಡಿಸುತ್ತದೆ. ಎಷ್ಟು ಕಿರಿದು ಎನ್ನುವುದೇ ಎಲ್ಲ.

ಕೊಳವೆಯನ್ನು ಕೆಳಗೆ ಕಿರಿದು ಮಾಡಿದೆ. ಆಗೂದಿಲ್ಲ. ಇಳಿಜಾರನ್ನು ಕಡಿಮೆ ಮಾಡಿದೆ. ಆಗೂದಿಲ್ಲ. ಲೈಬ್ರರಿಯ ಪುಸ್ತಕದಿಂದ ಕುಗ್ಗುವಿಕೆಯ ಅಂಕಿ ತಂದು ಹಾಕಿದೆ.

"ಈ ಅಂಕಿ ಎಲ್ಲಿಂದ ಬಂತು?"

"ಪುಸ್ತಕದಾಗ ಐತ್ರಿ ಸರ್."

"ಪುಸ್ತಕ ಬರದಾಂವ ಎಲ್ಲಿಂದ ತಂದ?"

"ಅದು ನನಗ ಹೆಂಗ ಗೊತ್ತಾಗಬೇಕ್ರಿ?"

"ಹಂಗಾದ್ರ ಅದು ನಿನ್ನ ಅಂಕಿ ಅಲ್ಲ. ಆಗೂದಿಲ್ಲ."

ಕೆಂಪಗೆ ಕಾದ ಉಕ್ಕು ಪೂರ್ತಿ ತಣ್ಣಗಾಗುವವರೆಗೆ ಎಷ್ಟು ಕುಗ್ಗುತ್ತದೆಂದು ಆ ಪುಸ್ತಕ ಹೇಳಿತ್ತು. ಕೊಳವೆಯಲ್ಲಿ ಅದು ತಣ್ಣಗಾಗುವುದೇ ಇಲ್ಲವಲ್ಲ, ಕೆಂಪಗಿದ್ದಾಗಲೇ ಹೊರಗೆ ಬರುತ್ತದೆ. ಅದನ್ನು ನಾನೇ ಕಂಡುಹಿಡಿಯುವಷ್ಟರಲ್ಲಿ ಇನ್ನೆರಡು ತಿಂಗಳು ಹೋದವು. ಮೇಲ್ಭಾಗದಲ್ಲಿ ಕುಗ್ಗುವುದು ಜೋರು, ಕೆಳಗೆ ಹೋದಂತೆ ನಿಧಾನ ಎಂಬುದು ತಿಳಿದು, ಮೇಲೆ ಕಡಿದಾದ ಇಳಿಜಾರು, ಕೆಳಗೆ ಸಣ್ಣ ಇಳಿಜಾರು ಎಂದು ಎರಡು ಭಾಗ ಮಾಡಿದೆ. ಅವತ್ತು ಸರ್ ಹಾಳೆಯನ್ನು ಗುಳೇದಗುಡ್ಡ ರೋಡ್ ದಾಟಿದರೂ ಸುತ್ತಲಿಲ್ಲ. ಬಾದಾಮಿ ಬಂತು. ಇಳಿಯುವಾಗ ಸುತ್ತಿ ಕೈಗೆ ಕೊಟ್ಟರು. ಆಗೂದಿಲ್ಲ.

ಅವರ ಶರ್ಟಿನ ಜೇಬಿನಲ್ಲಿ ಪೆನ್ನಿನ ಬದಲು ವರ್ನಿಯರ್ ಇರುತ್ತಿತ್ತು. ಹೋಟೆಲಿನ ತಾಮ್ರದ ಲೋಟ, ಸಂತೆಯ ಕೊಡ, ಯಾರದೋ ಮನೆಯ ಹಂಡೆ, ಏನು ಕಂಡರೂ ಬೆರಳಗೆಣ್ಣಿನಿಂದ ಬಡಿದು, ವರ್ನಿಯರ್ ಹಚ್ಚಿ ದಪ್ಪ ನೋಡುತ್ತಿದ್ದರು. ಕೆರೂರ ಸಂತೆಯಲ್ಲಿ ಒಬ್ಬ ಅಂಗಡಿಯವ, "ಸಾಹೇಬ್ರ, ತಗೊಳ್ಳೂದಿದ್ರ ತಗೋರಿ, ದವಾಖಾನಿಗತೆ ತಪಾಸ ಮಾಡಬ್ಯಾಡ್ರಿ" ಎಂದು ಕೊಡ ಕಿತ್ತುಕೊಂಡದ್ದನ್ನು ನಾನೇ ಕಂಡಿದ್ದೇನೆ. ಒಮ್ಮೆ ಅವರ ಮನೆಗೆ ಹೋದಾಗ ಅವರ ಹೆಂಡತಿ ನನ್ನ ಮುಂದೆ ದೂರು ಹೇಳಿದರು: "ನೋಡಪಾ, ದೇವರ ತಂಬಿಗಿ ಸೈತ ಬಿಟ್ಟಿಲ್ಲ ಇವರು. ಎಲ್ಲಾದ್ರಾಗೂ ಮೇಣ ಸುರದಾರ. ನೀರ ತುಂಬಿದ್ರ ಮೇಣದ ವಾಸನಿ." ಸರ್ ಪಕ್ಕದಲ್ಲೇ ಗಿರ್ಮಿಟ್ ತಿನ್ನುತ್ತ ಕೂತಿದ್ದರು. ಅದು ಬೇರೆ ಯಾರದೋ ಸಂಗತಿ ಎಂಬಂತೆ ಮೆಣಸಿನಕಾಯಿ ಕಡಿದರು.

ಇವೆಲ್ಲ ಈಗ ನಗು ತರಿಸುತ್ತವೆ. ಆಗ ತರಿಸುತ್ತಿರಲಿಲ್ಲ. ಯಾಕೆಂದರೆ ಆ ಹೊತ್ತಿಗೆ ನನಗೆ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಟ್ರೇನಿ ಕೆಲಸ ಸಿಕ್ಕಿತ್ತು. ನಮ್ಮ ವಂಶದಲ್ಲಿ ತಿಂಗಳ ಪಗಾರದ ಕೆಲಸ ಅದೇ ಮೊದಲು. ಷರತ್ತು ಒಂದೇ: ಮಳೆಗಾಲ ಮುಗಿಯುವುದರೊಳಗೆ ಡಿಗ್ರಿ ಪಾಸಾಗಿರಬೇಕು. ಉಳಿದ ಎಲ್ಲ ಪೇಪರುಗಳಲ್ಲಿ ನಾನು ಪಾಸಾಗಿದ್ದೆ. ಪ್ರಾಜೆಕ್ಟ್ ವರದಿಗೆ ಗೈಡ್ ಸಹಿ ಮಾತ್ರ ಬಾಕಿ. ವಿಭಾಗದ ಮುಖ್ಯಸ್ಥರೇ ಕರೆದು, "ನಿಮ್ಮ ಸರ್‌ಗೆ ಹೇಳಿ ಮುಗಿಸಿಕೋ" ಎಂದರು. ನಾನು ಕೆಲಸದ ಸಂಗತಿ ಸರ್‌ಗೆ ಹೇಳಿದೆ.

"ಭಾಳ ಚೊಲೊ ಆತು" ಎಂದರು. ಸಹಿ ಮಾಡಲಿಲ್ಲ.

ಗೋಬರ್ ಗ್ಯಾಸಿನವರೆಲ್ಲ ಪಾಸಾಗಿ ಪೇಡಾ ಹಂಚಿದರು. ಒಬ್ಬನ ವರದಿಯಲ್ಲಿ ಹಿಂದಿನ ವರ್ಷದವನ ಹೆಸರೇ ಒಂದು ಪುಟದಲ್ಲಿ ಉಳಿದುಹೋಗಿತ್ತು. ಅವನೂ ಪಾಸು. ನಾನು ಮಾತ್ರ ಬಾಡಿಗೆ ಖೋಲಿಯಲ್ಲಿ ಇಳಿಜಾರಿನ ಲೆಕ್ಕ ಮಾಡುತ್ತ ಕೂತೆ.

ಸುದ್ದಿ ಇಳಕಲ್ಲಿಗೆ ಮುಟ್ಟಿ ಅವ್ವ ಬಂದಳು. ಗಣಿಯಲ್ಲಿ ಖಡಿ ಒಡೆಯುವ ಹೆಂಗಸು, ಹುನಗುಂದದ ಆಚೆಗೆ ಅದುವರೆಗೆ ಬಂದವಳಲ್ಲ. ದಾರಿಯಲ್ಲಿ ಯಾರೋ ಹೇಳಿದರೆಂದು ತುಳಸಿಗೇರಿ ಹನುಮಪ್ಪನಿಗೆ ಬಾಗಲಕೋಟೆಯಿಂದಲೇ ಕೈ ಮುಗಿದು ಹರಕೆ ಹೊತ್ತಳು. ಅವತ್ತು ಸಂಜೆ ನಮ್ಮ ಜೊತೆ ರೈಲು ಹತ್ತಿ ಸರ್ ಎದುರಿಗೆ ಕೂತಳು.

"ಮಾಸ್ತರ್ರ, ನಮ್ಮ ಹುಡುಗ ಏನ ತಪ್ಪ ಮಾಡ್ಯಾನ್ರಿ?"

"ತಪ್ಪ ಮಾಡಿಲ್ರಿ ಯವ್ವಾ. ಇನ್ನೂ ಮುಗಿಸಿಲ್ಲ."

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನನಗೆ ಇಡೀ ವರ್ಷ ಒಂದು ಮಾತು ಬಿಡಿಸಿ ಹೇಳದ ಮನುಷ್ಯ ನನ್ನ ಅವ್ವನಿಗೆ ಎಲ್ಲ ಬಿಡಿಸಿ ಹೇಳಿದರು. ಉಕ್ಕು ಹೇಗೆ ಕುಗ್ಗುತ್ತದೆ, ಸಂದು ಹೇಗೆ ಬೀಳುತ್ತದೆ, ಮೂಲೆಗಳು ಯಾಕೆ ಮೊದಲು ಆರುತ್ತವೆ, ಎಲ್ಲ. ತಮ್ಮ ಊಟದ ಡಬ್ಬಿಯನ್ನೇ ಕೊಳವೆಯಂತೆ ಹಿಡಿದು ತೋರಿಸಿದರು. ಅವ್ವ ಕೊನೆಯವರೆಗೂ ಕೇಳಿದಳು.

"ನನಗ ಒಂದೂ ತಿಳಿಲಿಲ್ರಿ ಮಾಸ್ತರ್ರ. ನೀವು ಸಹಿ ಮಾಡ್ರಿ."

ನಾನು ಆ ಸಂಕಟದಲ್ಲೂ ನಕ್ಕೆ. ಸರ್ ಕೂಡ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

"ಹನಮಪ್ಪಗ ಹರಕಿ ಹೊತ್ತೇನ್ರಿ" ಎಂದಳು ಅವ್ವ.

"ಹೊರ್ರಿ. ಆದ್ರ ಹನಮಪ್ಪ ಬಂದು ಕೇಳಿದ್ರೂ ಇದು ಈಗ ಆಗೂದಿಲ್ರಿ ಯವ್ವಾ."

ಬಾದಾಮಿ ಸ್ಟೇಷನ್ನಿನಲ್ಲಿ ಇಳಿದೆವು. ಊರು ಅಲ್ಲಿಂದ ದೂರ, ಟಾಂಗಾದಲ್ಲಿ ಹೋಗಬೇಕು. ಸರ್ ಅವ್ವನಿಗೆ ಚಹಾ ಕೊಡಿಸಿ ಟಾಂಗಾದ ಕಡೆಗೆ ಹೊರಟರು. ಅವರ ಬೆನ್ನು ನೋಡುತ್ತಲೇ ನನ್ನೊಳಗೆ ಏನೋ ಹರಿಯಿತು. ಪ್ಲಾಟ್‌ಫಾರ್ಮಿನ ತುದಿಯವರೆಗೂ ಕೇಳುವಂತೆ ಚೀರಿದೆ.

"ಇದು ಎಂದೂ ಆಗೂದಿಲ್ಲ ಸರ್! ನೀವು ಹತ್ತ ವರ್ಷ ಕೂಡಿಸಿದ್ರೂ ಆಗೂದಿಲ್ಲ! ಸರಳು ನಿಧಾನ ಎಳದ್ರ ಉಕ್ಕು ಹೆಚ್ಚು ಕುಗ್ಗತೈತಿ, ಜೋರಾಗಿ ಎಳದ್ರ ಕಡಿಮಿ ಕುಗ್ಗತೈತಿ. ಒಂದ ವೇಗಕ್ಕ ಸರಿ ಮಾಡಿದ್ರ ಇನ್ನೊಂದಕ್ಕ ಕೆಡತೈತಿ. ಎಲ್ಲಾದಕ್ಕೂ ಸರಿ ಹೋಗು ಕೊಳವಿ ಮಾಡಾಕ ನಿಮ್ಮಪ್ಪಗೂ ಆಗೂದಿಲ್ಲ!"

ಅವ್ವ ನನ್ನ ರಟ್ಟೆ ಹಿಡಿದು ಎಳೆದಳು. ಗುರುವಿನ ಅಪ್ಪನವರೆಗೆ ಹೋದದ್ದು ನನಗೂ ಆಮೇಲೆ ತಿಳಿಯಿತು. ಟಾಂಗಾದವನು ಲಗಾಮು ಹಿಡಿದು ನಮ್ಮನ್ನೇ ನೋಡುತ್ತಿದ್ದ. ಸರ್ ತಿರುಗಿ ಬಂದರು.

"ಹಾಂ. ಅದನ್ನ ಬರಿ."

"ಏನ ಬರೀಲ್ರಿ?"

"ಈಗ ಚೀರಿದ್ಯಲ್ಲಾ, ಅದನ್ನ. ಈ ಕೊಳವಿ ಯಾವ ವೇಗಕ್ಕ ಆಗತೈತಿ, ಯಾವುದಕ್ಕ ಆಗೂದಿಲ್ಲ, ನಕಾಶಿ ಮ್ಯಾಲ ಬರಿ. ನನ್ನಪ್ಪನ್ನ ಬಿಟ್ಟು ಬರಿ."

ಆ ಇಳಿಜಾರು ಯಾವ ವೇಗಕ್ಕೆ ಎಂಬುದೇ ಕಾರ್ಖಾನೆಯಲ್ಲಿ ಅವರು ಕೇಳಿ ಉತ್ತರ ಸಿಗದ ಪ್ರಶ್ನೆ ಆಗಿತ್ತು. ಬಂದ ಕೊಳವೆಯ ಮೇಲೆ ಯಾರೂ ಅದನ್ನು ಬರೆದಿರಲಿಲ್ಲ. ಎರಡು ವಾರ ಕೂತು ವೇಗದ ಲೆಕ್ಕ ಮಾಡಿದೆ. ಎಲ್ಲಿಂದ ಎಲ್ಲಿಯವರೆಗೆ ಕೊಳವೆ ನಡೆಯುತ್ತದೆ, ಎಲ್ಲಿ ಸಂದು ಬೀಳುತ್ತದೆ, ಎಲ್ಲಿ ಉಕ್ಕು ಸೀಳುತ್ತದೆ, ಎಲ್ಲವನ್ನೂ ನಕಾಶೆಯ ಬದಿಯಲ್ಲಿ ಬರೆದು ತಂದೆ. ಸರ್ ರೈಲು ಬಾಗಲಕೋಟೆ ಬಿಡುವ ಮೊದಲೇ ಸಹಿ ಮಾಡಿದರು.

ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು. ನನ್ನನ್ನು ಮುಂದಿನ ವರ್ಷದ ಪರೀಕ್ಷೆಯವರ ಜೊತೆ ಸೇರಿಸಿದರು. ಕಾರ್ಖಾನೆಯ ಕೆಲಸ ಬೇರೆಯವನ ಪಾಲಾಯಿತು. ಡಿಗ್ರಿ ಒಂದು ವರ್ಷ ತಡವಾಗಿ ಬಂತು. ಆ ವರ್ಷವೆಲ್ಲ ಹುನಗುಂದದ ಒಂದು ಮೋಟಾರು ರಿಪೇರಿ ಅಂಗಡಿಯಲ್ಲಿ ಗ್ರೀಸ್ ಬಳಿದುಕೊಂಡು ಇದ್ದೆ. ಮುಕಾದಮ ಬಂದು ನೋಡಿ ಹೋದ.

ಈ ಒಂದು ಮಾತನ್ನು ಮೊದಲ ತಿಂಗಳಲ್ಲೇ ಹೇಳಬಹುದಿತ್ತಲ್ಲ ಎಂದು ವರ್ಷಗಳ ಮೇಲೆ ಅವರನ್ನು ಕೇಳಿದೆ. "ಹೇಳಿದ್ರ ನೀ ಬರೀತಿದ್ದಿ. ನಂಬತಿದ್ದಿಲ್ಲ" ಎಂದರು. ಎಲ್ಲರೂ ಈ ಉತ್ತರಕ್ಕೆ ತಲೆದೂಗುತ್ತಾರೆ. ನಾನು ದೂಗುವುದಿಲ್ಲ. ಹಾಗೆ ತಾವೇ ಕಂಡುಕೊಂಡು ನಂಬುವ ಮಕ್ಕಳಿಗೆ ಒಂದು ವರ್ಷ ಕಳೆದುಕೊಳ್ಳುವ ಶಕ್ತಿ ಇರಬೇಕು. ನಮ್ಮ ಮನೆಯಲ್ಲಿ ಇರಲಿಲ್ಲ. ಅದನ್ನು ಅವರ ಮುಖದ ಮೇಲೇ ಹೇಳಿದೆ. ಅವರು ಬೆರಳಗೆಣ್ಣಿನಿಂದ ಲೋಟ ಬಡಿಯುತ್ತ ಕೂತರು.

ಮುಂದೆ ಎಂಬತ್ತರ ದಶಕದಲ್ಲಿ ಕೊನೆಗೂ ಒಂದು ಉಕ್ಕಿನ ಕಾರ್ಖಾನೆ ಸೇರಿದೆ. ಒಂದು ದಿನ ಪರದೇಶದ ಪೆಟ್ಟಿಗೆ ಬಿಚ್ಚಿದರೆ ಹೊಸ ನಮೂನೆಯ ಕೊಳವೆ: ಮೇಲೆ ಕಡಿದಾದ ಇಳಿಜಾರು, ಕೆಳಗೆ ಹೋದಂತೆ ಸಣ್ಣದು. ನಮ್ಮ ಎಂಜಿನಿಯರುಗಳೆಲ್ಲ ಸುತ್ತ ನಿಂತು "ಏನ್ ತಲಿ" ಎಂದು ಹೊಗಳಿದರು. ಸರ್ ತಮ್ಮದೇ ಇಂಥ ನಕಾಶೆಯನ್ನು ವರ್ಷಗಳ ಹಿಂದೆಯೇ ಊರೂರಿನ ಕಾರ್ಖಾನೆಗಳಿಗೆ ಕಳಿಸಿದ್ದು ನನಗೆ ಗೊತ್ತಿತ್ತು. ಒಬ್ಬರೂ ಉತ್ತರ ಬರೆದಿರಲಿಲ್ಲ. ರಜೆ ಹಾಕಿ ಬಾದಾಮಿಗೆ ಹೋಗಿ ಹೇಳಿದೆ. ಅವರಿಗೆ ಸಿಟ್ಟು ಬರಲಿ, ಒಂದು ಸಲವಾದರೂ ಯಾರನ್ನಾದರೂ ಬೈಯಲಿ ಎಂದು ಕಾದೆ.

"ಯಾವ ವೇಗಕ್ಕ ಅಂತ ಬರದಾರೇನು?" ಎಂದು ಕೇಳಿದರು.

"ಬರದಿಲ್ರಿ."

"ಹೂಂ" ಎಂದು ಒಳಗೆ ಹೋಗಿ ಚಹಾಕ್ಕೆ ಹೇಳಿ ಬಂದರು.

ನನ್ನ ಸರ್ಟಿಫಿಕೇಟ್ ಬಂದದ್ದು ಇದಕ್ಕೆಲ್ಲ ಮೊದಲು. ಅದು ಕಾಲೇಜಿನ ಕಚೇರಿಗೆ ಬಂದಿದೆ ಎಂದು ನನಗೆ ತಿಳಿಯುವ ಮುನ್ನವೇ ಸರ್ ಅದನ್ನು ತಾವೇ ತೆಗೆದುಕೊಂಡು, ಹುನಗುಂದದಲ್ಲಿ ಬಸ್ಸು ಬದಲಿಸಿ, ಬಿರುಬಿಸಿಲಿನಲ್ಲಿ ಇಳಕಲ್ಲಿನ ನಮ್ಮ ಮನೆ ಹುಡುಕಿಕೊಂಡು ಬಂದರು. ಗಣಿಯ ಕೆಂಪು ಧೂಳು ಅವರ ಬಿಳಿ ಅಂಗಿಯ ಮೇಲೆಲ್ಲ ಕೂತಿತ್ತು. ಅವತ್ತು ಅಂಗಡಿಗೆ ರಜೆ, ನಾನು ಮನೆಯಲ್ಲಿದ್ದೆ. ಕರವಸ್ತ್ರದಿಂದ ಕೈ ಒರೆಸಿಕೊಂಡು ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟರು. ಶಾಭಾಸ್ ಇಲ್ಲ, ಏನಿಲ್ಲ. ನಾನು ಅದನ್ನು ಅವ್ವನಿಗೆ ಕೊಟ್ಟೆ. ಹೊಲಸಾದೀತೆಂದು ಅವಳು ಸೆರಗಿನಿಂದ ಅದರ ಅಂಚು ಹಿಡಿದು, ಓದಲು ಬಾರದ ಸಾಲುಗಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ಮಾಸ್ತರ್ರ, ಇದರಾಗ ಇಂವ ಒಂದ ವರ್ಷ ತಡಾ ಮಾಡಿ ಪಾಸಾದ ಅಂತ ಬರದೈತೇನ್ರಿ?"

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎಂದುಬಿಡುತ್ತಿದ್ದರು. ಸರ್ ಕನ್ನಡಕ ಏರಿಸಿ, ಬಗ್ಗಿ, ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದರು.

"ಪಾಸಾದ ವರ್ಷ ಬರದೈತ್ರಿ ಯವ್ವಾ. ತಡಾ ಅಂತ ಬರದಿಲ್ಲ."

"ತಡಾ ಯಾರು ಮಾಡಿದ್ರು ಅಂತ?"

ಅವರು ಕನ್ನಡಕ ತೆಗೆದು ಜೇಬಿಗಿಟ್ಟರು.

"ಅದೂ ಇಲ್ರಿ."

"ಹಂಗಾದ್ರ ಅದು ನಿಮಗ, ನಮಗ ಅಷ್ಟ ಗೊತ್ತಿರಲಿ" ಎಂದಳು ಅವ್ವ. "ಬಿಸಲಾಗ ಬಂದೀರಿ. ಕೂಡ್ರಿ, ರೊಟ್ಟಿ ಬಡೀತೇನಿ, ಉಂಡು ಹೋಗ್ರಿ."